ರೆಸ್ಟನ್ ಅವರ ಅಪೆಂಡಿಕ್ಸ್ ತೆಗೆದದ್ದು ಅರಿವಳಿಕೆ ಕೊಟ್ಟೇ

‘1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರ ಅಪೆಂಡಿಕ್ಸನ್ನು ಬೀಜಿಂಗ್‌ನಲ್ಲಿ ಬರೀ ಅಕ್ಯುಪಂಕ್ಚರ್ ಸೂಜಿಗಳ ಬಲದಿಂದ ತೆಗೆದರು’ ಎಂಬ ಮಾತು ಹರಿದಾಡುತ್ತಿದೆ. ಇದು ಸುಳ್ಳು. ಇದನ್ನು ನಂಬಿ ಯಾರಾದರೂ ಅರಿವಳಿಕೆ ಬೇಡವೆಂದಾರು ಎಂಬ ಆತಂಕದಿಂದ ಈ ಸ್ಪಷ್ಟನೆ.

ಶಸ್ತ್ರಚಿಕಿತ್ಸೆಗೆ ಮೊದಲು ತಮಗೆ ಜೈಲೊಕೇನ್ ಮತ್ತು ಬೆಂಜೊಕೇನ್ ಎಂಬ ಅರಿವಳಿಕೆಗಳ ಚುಚ್ಚುಮದ್ದು ಕೊಟ್ಟರೆಂದು ರೆಸ್ಟನ್ ಅವರೇ ಆ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದಿದ್ದಾರೆ. ಸೂಜಿಗಳ ಸರದಿ ಬಂದದ್ದು ಆಮೇಲೆ, ಹೊಟ್ಟೆಯುಬ್ಬರದ ಸಂಕಟ ಕಾಡಿದಾಗ. ಬಲ ಮೊಣಕೈಗೂ ಮೊಣಕಾಲುಗಳ ಕೆಳಗೂ ಚುಚ್ಚಿದರು.

ಅರಿವಳಿಕೆ ಮದ್ದು, ಅಕ್ಯುಪಂಕ್ಚರ್ ಸೂಜಿ ಎರಡರ ಕೆಲಸವೂ ಬೇರೆ. ಜೈಲೊಕೇನ್ ನರಕೋಶದ ಸೋಡಿಯಂ ದ್ವಾರಗಳನ್ನು ಮುಚ್ಚುತ್ತದೆ. ನೋವಿನ ಸಂಕೇತ ಮುಂದೆ ಸಾಗುವುದೇ ಇಲ್ಲ, ಚರ್ಮ ಮರಗಟ್ಟುತ್ತದೆ. ಅಕ್ಯುಪಂಕ್ಚರ್ ಸೂಜಿ ನರವನ್ನು ಮುಚ್ಚುವುದಿಲ್ಲ, ಕೆರಳಿಸುತ್ತದೆ. ಚುಚ್ಚಿದಲ್ಲಿ ಭಾರ, ಮಂದ ನೋವು ಅನ್ನಿಸಬಹುದು. ದೇಹವೇ ತಯಾರಿಸುವ ನೋವುಶಾಮಕಗಳಾದ ಎಂಡಾರ್ಫಿನ್‌ಗಳ ಮೂಲಕ ನೋವು ಸ್ವಲ್ಪ ತಗ್ಗಬಹುದು. ಆದರೆ ಚರ್ಮದ ಸ್ಪರ್ಶ ಉಳಿದೇ ಇರುತ್ತದೆ, ಕತ್ತಿಯ ಅಲಗೂ ತಿಳಿಯುತ್ತದೆ.