ಹೋಗಿರೋದು ಕಣ್ಣು, ಕೈಯಲ್ಲ

ಈಗಷ್ಟೇ ಮೈಸೂರಿಂದ ಮಂಡ್ಯಕ್ಕೆ ವಾಪಸ್ ಬಂದೆ. ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮ ಸೋದರತ್ತೆ ವಿಷಯ ಇಲ್ಲಿರೋ ಬಹಳ ಜನಕ್ಕೆ ಗೊತ್ತು. ಎರಡೂ ಕಣ್ಣು ಕಾಣಲ್ಲ, ಮೈಸೂರಿನ ಹೊರಗಡೆ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಅವರ ಥರದವರೇ ಅಲ್ಲಿ ಇನ್ನೂ ಐದಾರು ಜನ. ಇವತ್ತು ಹೋದಾಗ ಅಡುಗೆಮನೆ ಮುಂದೆ ಅವರೆಕಾಯಿ ಸುರಿದಿದ್ರು. ಅತ್ತೆ ಆ ಸೊಗಡಿನ ವಾಸನೆ ಹಿಡಿದೇ ಗೋಡೆ ಸವರಿಕೊಂಡು ಬಂದು ಕೂತಿದ್ರು. ಅವರು ಕಾಯಿ ಬಿಡಿಸೋದು ನೋಡಬೇಕಿತ್ತು ನೀವು. ಹೆಬ್ಬೆರಳು ಒತ್ತಿದ್ರೆ ಟಪ್ ಅಂತ ಕಾಯಿ ಬಾಯಿಬಿಡ್ತಿತ್ತು. ಕಾಳು ತಟ್ಟೆಗೆ, ಸಿಪ್ಪೆ ಎಡಕ್ಕೆ. ಹುಳ ಕೊರೆದ ಕಾಳು ಬೆರಳಿಗೆ ತಾಕಿದ ತಕ್ಷಣ ಸಿಪ್ಪೆ ಕಡೆ ಹೋಗ್ತಿತ್ತು. ನಾನು ಪಕ್ಕದಲ್ಲಿ ಕೂತು ಬಿಡಿಸಿದ್ದರಲ್ಲೂ ಎರಡು ಹುಳುಕು ಕಾಳು ಅವರೇ ಹುಡುಕಿ ತೆಗೆದ್ರು.

ಅಷ್ಟರಲ್ಲಿ ಆಯಾ ಬಂದು, "ಅಯ್ಯೋ ಅಜ್ಜಿ, ನಿಮಗ್ಯಾಕೆ ಇದೆಲ್ಲ, ಸುಮ್ನೆ ಕೂತ್ಕೊಳಿ" ಅಂತ ತಟ್ಟೆ ಎತ್ತಿಕೊಂಡು ಹೋದ್ರು. ಗದರಿಸಿ ಅಲ್ಲ, ಪ್ರೀತಿಯಿಂದಲೇ.

ಅತ್ತೆ ನನ್ನ ಕಡೆ ತಿರುಗಿ, "ಹೋಗಿರದು ಕಣ್ಣು ಕಣ್ಲಾ ಮಗ, ಕೈಯಲ್ಲ" ಅಂದ್ರು.

ಬೆಳಗಾದ್ರೆ ಅದೇ ಮಾತು. ಸುಮ್ನೆ ಕೂತ್ಕೊಳಿ, ಸ್ನಾನ ನಾವು ಮಾಡಿಸ್ತೀವಿ. ಸುಮ್ನೆ ಕೂತ್ಕೊಳಿ, ನಾವು ತಿನ್ನಿಸ್ತೀವಿ. ಕಲಸಿದ ಅನ್ನ, ಚಮಚದಲ್ಲಿ. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗೋದಕ್ಕೆ ಕಣ್ಣು ಬೇಕೇನ್ರೀ? ಕಣ್ಣು ಕಾಣದವರಿಗೆ ತಟ್ಟೇನ ಗಡಿಯಾರದ ಹಾಗೆ ಲೆಕ್ಕ ಹಿಡಿದು, ಪಲ್ಯ ಮೂರು ಗಂಟೆ ಕಡೆ, ಉಪ್ಪಿನಕಾಯಿ ಹನ್ನೆರಡರ ಕಡೆ ಅಂತ ಹೇಳಿಕೊಡೋ ಪದ್ಧತಿ ಎಷ್ಟೋ ಕಾಲದಿಂದ ಇದೆ. ಒಂದು ಪೈಸೆ ಖರ್ಚಿಲ್ಲ. ದಿನಾ ಅದೇ ಜಾಗದಲ್ಲಿ ಬಡಿಸಬೇಕು, ಅಷ್ಟೇ.

ಇದೇ ಮೈಸೂರಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ಶುರುವಾಯ್ತು. ಕಣ್ಣಿಲ್ಲದ ಏಳು ವರ್ಷದ ಹುಡುಗನಿಗೆ ಕೋಲು ಹಿಡಿದು ನಡೆಯೋದು, ಆರು ಚುಕ್ಕಿಯ ಬ್ರೈಲ್ ಓದೋದು ಕಲಿಸಬೇಕು ಅಂತ ನಮಗೆ ಗೊತ್ತು. ಎಪ್ಪತ್ತರಲ್ಲಿ ಕಣ್ಣು ಹೋದವರಿಗೆ ಹೊಸದು ಕಲಿಸೋದಿರಲಿ, ಕೈಗೆ ಬಂದಿರೋದನ್ನೂ ಕಿತ್ಕೋತೀವಿ. 2007ರ ಹಿರಿಯ ನಾಗರಿಕರ ಕಾಯ್ದೆ ಗತಿಯಿಲ್ಲದ ಹಿರಿಯರಿಗೆ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಒಂದೊಂದರಲ್ಲೂ ಕನಿಷ್ಠ 150 ಜನಕ್ಕೆ ಜಾಗ ಅನ್ನುತ್ತೆ. ಜಾಗ ಬೇಕು, ನಿಜ. ಆ ಜಾಗದಲ್ಲಿ ಕೂತವರು ಬೆಳಗಿಂದ ಸಂಜೆವರೆಗೂ ಏನು ಮಾಡಬೇಕು?

"ಬಿದ್ದು ಸೊಂಟದ ಮೂಳೆ ಮುರಿದ್ರೆ ಯಾರು ಜವಾಬ್ದಾರಿ?" ಅಂತ ಮೇಲ್ವಿಚಾರಕರು ಕೇಳಿದ್ರು. ಇರೋದು ಇಬ್ಬರೇ ಆಯಾಗಳು, ಅವರ ಕಷ್ಟ ನನಗೂ ಕಾಣುತ್ತೆ. ಆದರೆ ದಿನವಿಡೀ ಕೂತ ಕಾಲಿಗೆ ಶಕ್ತಿ ಎಲ್ಲಿಂದ ಬರುತ್ತೆ? ಕೂತೂ ಕೂತೂ ಕಾಲು ಸೋತವರೇ ಎದ್ದಾಗ ಬೀಳೋದು. ಮಂಚದಿಂದ ಬಚ್ಚಲುಮನೆವರೆಗೆ ಗೋಡೆಗೆ ಒಂದು ಹಗ್ಗ ಕಟ್ಟಿ, ದಾರಿಯಲ್ಲಿ ಬಕೆಟ್ ಇಡಬೇಡಿ, ಕುರ್ಚಿ ಜಾಗ ಬದಲಾಯಿಸಬೇಡಿ. ಅಲ್ಲಿ ಹೋದ ತಿಂಗಳು ಮಂಚಗಳನ್ನೇ ತಿರುಗಿಸಿ ಹಾಕಿದ್ರು, ಯಾರಿಗೂ ಒಂದು ಮಾತು ಹೇಳಲಿಲ್ಲ. ಅತ್ತೆ ಎರಡು ದಿನ ಎದ್ದೇ ಇಲ್ಲ.

ಬೈಯೋದು ಸುಲಭ. ಮೊದಲು ಮಾಡಿದವನು ನಾನೇ. ಕಣ್ಣು ಮಂಜು ಅಂದಾಗ ಪೊರೆ ಇರಬೇಕು, ಸುಗ್ಗಿ ಮುಗೀಲಿ ಆಪರೇಷನ್ ಮಾಡ್ಸೋಣ ಅಂದೆ. ಅದು ಗ್ಲುಕೋಮಾ. ಪಕ್ಕದ ನೋಟ ಮೊದಲು ಹೋಗುತ್ತೆ, ಹೋಗಿದ್ದು ಮತ್ತೆ ಬರಲ್ಲ. ಆಮೇಲೆ ನಮ್ಮನೆಯಲ್ಲಿದ್ದ ಎಂಟು ತಿಂಗಳಲ್ಲಿ ಒಂದು ಸಲ ಬೆರಳು ಸುಟ್ಟುಕೊಂಡ್ರು ಅಂತ ಬೆಂಕಿಪೊಟ್ಟಣ ಬಚ್ಚಿಟ್ಟೆ. ಆಮೇಲೆ ಈಳಿಗೆಮಣೆ. ಆಮೇಲೆ ಅಡುಗೆಮನೆ ಬಾಗಿಲನ್ನೇ ಹಾಕಿದೆ. ಸುಮ್ನೆ ಕೂತ್ಕೊ ಅತ್ತೆ, ಅಂತಿದ್ದೆ. ಆಶ್ರಮಕ್ಕೆ ಹೋಗ್ತೀನಿ ಅಂತ ಬಾಯಿಬಿಟ್ಟು ಕೇಳಿದ್ದು ಅವರೇ. ಯಾಕೆ ಅಂತ ಇವತ್ತು ಗೊತ್ತಾಯ್ತು.

ಹೊರಡುವಾಗ ಆಯಾ ಒದ್ದೆ ಬಟ್ಟೆ ತಂದು ಕೈ ಒರೆಸೋಕೆ ಬಂದ್ರು. ಅತ್ತೆ ಕೈ ಹಿಂದಕ್ಕೆ ಎಳ್ಕೊಂಡು, "ಇರ್ಲಿ ಬುಡವ್ವ, ಸೊಗಡದೆ" ಅಂದ್ರು.

ಭಾನುವಾರ ಎರಡು ಕೆ.ಜಿ. ಅವರೆಕಾಯಿ ತಗೊಂಡು ಮತ್ತೆ ಹೋಗ್ತಿದ್ದೀನಿ. ಹಿತುಕೋದಕ್ಕೂ ಕಾಳು ನೆನೆಹಾಕಿಸ್ತೀನಿ. ತಟ್ಟೆ ಮುಟ್ಟಬೇಡಿ ಅಂತ ಮೇಲ್ವಿಚಾರಕರಿಗೆ ಬಸ್ಸಿಂದಲೇ ಫೋನ್ ಮಾಡಿ ಹೇಳಿದೀನಿ.