ಮೂವತ್ತು-ನಲವತ್ತರ ಸೈಟಿಗೆ ಚೆಕ್ಕುಬಂದಿ ಇದೆ, ಬಡಾವಣೆಗೆ ಇಲ್ಲ

ಹಾಸನದ ಸಾಲಗಾಮೆ ರಸ್ತೆಯಿಂದ ಒಳಕ್ಕೆ ತಿರುಗುವ ನಮ್ಮ ಅಡ್ಡರಸ್ತೆಯನ್ನು ಕರೆಂಟ್ ಬಿಲ್ಲು ವಿದ್ಯಾನಗರ ಎನ್ನುತ್ತದೆ, ಕಂದಾಯದ ರಸೀದಿ ಬರೀ ಸಾಲಗಾಮೆ ರಸ್ತೆ ಎನ್ನುತ್ತದೆ, ಮೊಬೈಲಿನ ನಕ್ಷೆಯಲ್ಲಂತೂ ನಾವ್ಯಾರೂ ಕೇಳಿರದ ಹೆಸರೊಂದಿದೆ. ಬರೀ ಹೆಸರಿನ ಗೊಂದಲವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ವಾರ್ಡಿನ ಗಡಿ ರಸ್ತೆಯ ನಟ್ಟನಡುವೆ ಹಾದುಹೋಗಿರುವುದರಿಂದ ಎಡಬದಿಯ ಮನೆಗಳು ಒಂದು ವಾರ್ಡಿಗೂ ಬಲಬದಿಯವು ಇನ್ನೊಂದಕ್ಕೂ ಸೇರಿ, ಬೆಳಿಗ್ಗೆ ಗುಡಿಸಲು ಬರುವವರು ಅರ್ಧ ರಸ್ತೆಯನ್ನು ಚೊಕ್ಕಟ ಮಾಡಿ, ಉಳಿದರ್ಧದ ತರಗೆಲೆಯನ್ನು ಮುಟ್ಟದೆ ಹೊರಟುಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ, ಹಾಗೆಂದೇ ಹೇಳಿ ಕಳುಹಿಸಿರುತ್ತಾರೆ. ತಿರುವಿನ ಬೀದಿದೀಪ ಮಳೆಗಾಲದಿಂದ ಉರಿಯುತ್ತಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ "ಆ ಕಂಬ ನಮ್ಮ ಲಿಮಿಟ್ಟಿಗೆ ಬರಲ್ಲ ಸಾರ್, ಪಕ್ಕದ ವಾರ್ಡಿನವರನ್ನು ಕೇಳಿ" ಎಂಬ ಉತ್ತರ. ಪಕ್ಕದ ವಾರ್ಡಿನವರ ಮೇಜು ಅದೇ ಕೋಣೆಯಲ್ಲಿದೆ, ಅಲ್ಲಿಯೂ ಇದೇ ಮಾತು.

ವಾರ್ಡುಗಳನ್ನು ವಿಂಗಡಿಸುವುದು ಜನಸಂಖ್ಯೆಯನ್ನು ಸರಿದೂಗಿಸುವುದಕ್ಕೆ, ಅದೂ 2011ರ ಜನಗಣತಿಯ ಲೆಕ್ಕದ ಮೇಲೆ. 1972ರಲ್ಲಿ ಬಂದ ಪಿನ್‌ಕೋಡ್ ಇರುವುದು ಅಂಚೆ ಹಂಚುವವರ ಅನುಕೂಲಕ್ಕೆ. ಜನ ಬಾಳುವ ಬಡಾವಣೆ ಎಲ್ಲಿ ಮುಗಿಯುತ್ತದೆಂದು ಹೇಳುವ ಕೆಲಸ ಇವೆರಡರದೂ ಅಲ್ಲ. ಅನುಮೋದನೆ ಪಡೆದ ಲೇಔಟಿಗಾದರೂ ಒಂದು ನಕ್ಷೆಯಿರುತ್ತದೆ. ಅದರ ಅಂಚಿಗೆ ಅಂಟಿಕೊಂಡು, ಹೊಲಗದ್ದೆಯನ್ನು ಅನುಮೋದನೆಯಿಲ್ಲದೆ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳಿಗೂ, ಊರು ಬೆಳೆದು ನಗರದೊಳಗೆ ಸೇರಿಹೋದ ಹಳೆಯ ಗ್ರಾಮಠಾಣಾಗಳಿಗೂ, ಅಂದರೆ ಹಳ್ಳಿಯ ಮನೆಗಳಿದ್ದ ಜಾಗಗಳಿಗೂ, ಹೇಳುವವರು ಕೇಳುವವರು ಯಾರೂ ಇಲ್ಲ. ಈ ಸಂದಿನಲ್ಲಿ ಲಾಭ ಮಾಡಿಕೊಂಡವರು ಸೈಟು ವ್ಯಾಪಾರದವರು ಮಾತ್ರ. ಬೆಲೆ ಏರಿದಂತೆಲ್ಲ ಅವರ ವಿದ್ಯಾನಗರವೂ ರಿಂಗ್ ರಸ್ತೆಯ ಕಡೆಗೆ ಬೆಳೆಯುತ್ತಲೇ ಇದೆ! ಮೂವತ್ತು-ನಲವತ್ತರ ಸೈಟಿನ ಕ್ರಯಪತ್ರದಲ್ಲಿ ಪೂರ್ವಕ್ಕೆ ಯಾರ ಸ್ವತ್ತು, ಪಶ್ಚಿಮಕ್ಕೆ ಯಾವ ರಸ್ತೆ ಎಂದು ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಬರೆಸದೆ ನೋಂದಣಿ ಮಾಡದ ವ್ಯವಸ್ಥೆಗೆ, ನೂರಾರು ಮನೆಗಳ ಬಡಾವಣೆಯೊಂದರ ಚೆಕ್ಕುಬಂದಿ ಬೇಕೆಂದು ಅನ್ನಿಸಿಯೇ ಇಲ್ಲ.

ಇದಕ್ಕೆ ಉಪಗ್ರಹವೇನೂ ಬೇಕಿಲ್ಲ. ನಿಮ್ಮ ಬಡಾವಣೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅಲ್ಲಿ ವಾಸಿಸುವವರನ್ನೇ ಕೇಳಿ, ಹೆಚ್ಚಿನವರ ಉತ್ತರ ಕೂಡಿದಲ್ಲಿ ಗೆರೆ ಎಳೆದು, ಕೂಡದಲ್ಲಿ ಎರಡೂ ಹೆಸರನ್ನು ಬರೆದರೆ ಸಾಕು. ವಾರ್ಡಿನ ಗಡಿಯನ್ನೂ ಅದೇ ನಕ್ಷೆಯಲ್ಲಿ ತೋರಿಸಲಿ. ಗಡಿ ರಸ್ತೆಯ ಮೇಲೆಯೇ ಬಿದ್ದಿದ್ದರೆ, ಎರಡೂ ಬದಿಯ ಚರಂಡಿ, ಕಸ, ದೀಪಗಳ ಹೊಣೆ ಯಾವ ವಾರ್ಡಿನದೆಂದು ಸ್ಪಷ್ಟವಾಗಿ ಬರೆದು, ಆ ನಕ್ಷೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಕಚೇರಿಯ ಹೊರಗೋಡೆಗೆ ಅಂಟಿಸಲಿ.