ಬಾಯಿ ಬಿಟ್ಟು ಹಾಡುವವರು ಬೇಕು ನನಗೆ

ಹೋದ ಶನಿವಾರ ಬೆಂಗಳೂರಿನಲ್ಲಿ ಒಂದು ಸಂಗೀತ ನಾಟಕಕ್ಕೆ ಹೋಗಿದ್ದೆ. ತಂಡದ ಹೆಸರು ಬೇಡ, ಹುಡುಗರು ತುಂಬಾ ಕಷ್ಟಪಟ್ಟಿದ್ದರು. ಲೈಟಿಂಗು, ಬಟ್ಟೆ, ಕುಣಿತ ಎಲ್ಲ ಚೆನ್ನಾಗಿತ್ತು. ಎರಡನೇ ಹಾಡಿಗೆ ನಾಯಕಿ ಹತ್ತು ಹನ್ನೆರಡು ಮೆಟ್ಟಿಲು ಓಡಿ ಹತ್ತಿ, ಮೇಲೆ ನಿಂತು, ತಕ್ಷಣ ಪಲ್ಲವಿ ಎತ್ತಿಕೊಂಡಳು. ಹುಡುಗಿ ಏದುಸಿರು ಬಿಡುತ್ತಿರುವುದು ನಾಲ್ಕನೇ ಸಾಲಿಗೂ ಕಾಣುತ್ತಿತ್ತು. ದನಿಯಲ್ಲಿ ಮಾತ್ರ ಅದು ಚೂರೂ ಇಲ್ಲ. ಹಾಡು ಸ್ಪೀಕರ್‌ನಿಂದ ಬರುತ್ತಿತ್ತು, ಅವಳು ತುಟಿ ಆಡಿಸುತ್ತಿದ್ದಳು. ಅಲ್ಲಿಂದ ಮುಂದೆ ನನ್ನ ಮನಸ್ಸು ನಾಟಕದಲ್ಲಿ ನಿಲ್ಲಲೇ ಇಲ್ಲ.

ನಾನು ವಿಮರ್ಶಕಿ ಅಲ್ಲ. ತಿಂಗಳಿಗೆ ಒಂದೆರಡು ಸಿನಿಮಾ, ವರ್ಷಕ್ಕೆ ನಾಲ್ಕೈದು ನಾಟಕ ನೋಡುವವಳು. ಸಂಗೀತ ಕಲಿತಿಲ್ಲ. ಆದರೆ ಎದುರಿಗೆ ನಿಂತಿರುವ ಪಾತ್ರ ತಾನೇ ಹಾಡುತ್ತಿದೆಯಾ ಇಲ್ಲವಾ ಅನ್ನೋದು ನನ್ನ ಕಿವಿಗೆ ಥಟ್ಟನೆ ಗೊತ್ತಾಗುತ್ತದೆ. ಅದಕ್ಕೆ ಕಾರಣ ನನ್ನ ಸೋದರಮಾವ.

ನಮ್ಮಮ್ಮನ ಊರು ಮಂಡ್ಯ ಕಡೆ. ಅಲ್ಲಿ ಎಷ್ಟೋ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾತ್ರ ಮಾಡುವವರೇ ಒಬ್ಬೊಬ್ಬರು ಇಷ್ಟಿಷ್ಟು ಅಂತ ದುಡ್ಡು ಹಾಕುತ್ತಾರೆ. ದೊಡ್ಡ ಪಾತ್ರಕ್ಕೆ ಜಾಸ್ತಿ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಬಂದು ಪದ ಕಲಿಸುತ್ತಾರೆ. ನಮ್ಮ ಮಾವ ಭೀಮ. ಹಗಲು ಕಬ್ಬಿನ ಗದ್ದೆಗೆ ನೀರು ಕಟ್ಟುತ್ತಾ ಅದೇ ಪದ ಗುನುಗುತ್ತಿದ್ದರು. ಒಂದು ಸಾಲು ಮರೆತರೆ ಗುದ್ದಲಿ ಊರಿ ನಿಂತು, ನೆನಪಾದ ಮೇಲೇ ಮುಂದಿನ ಪಾತಿಗೆ ಹೋಗೋರು.

ನನಗೆ ಹತ್ತು ವರ್ಷ ಇದ್ದಾಗ ಒಂದು ರಾತ್ರಿ ವೇದಿಕೆ ಪಕ್ಕದಲ್ಲೇ, ಮೇಷ್ಟ್ರ ಕಾಲಿನ ಹತ್ತಿರ ಕೂತು ನಾಟಕ ನೋಡಿದೆ. ಬೆಳಗಿನ ಜಾವ ಮೂರು ಗಂಟೆ ಇರಬೇಕು. ಮಾವ ಬೆಳ್ಳಿ ಕಾಗದ ಸುತ್ತಿದ ಗದೆ ಹೆಗಲ ಮೇಲೆ ಇಟ್ಟು, ತೊಡೆ ತಟ್ಟಿ, ಕಂದಪದ್ಯ ಎತ್ತಿದರು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು. ಮೇಲಿನ ಸ್ವರಕ್ಕೆ ಹೋದವರಿಗೆ ಅಲ್ಲೇ ಉಸಿರು ಮುಗಿಯಿತು. ಅರ್ಧ ಪದ ಗಾಳಿಯಲ್ಲಿ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಲಿಲ್ಲ. ಕಾಲು ತಿದಿ ಒತ್ತುತ್ತಲೇ ಇತ್ತು, ಬೆರಳು ಆ ಒಂದೇ ಮನೆ ಮೇಲೆ, ಕಣ್ಣು ಮಾವನ ಮುಖದ ಮೇಲೆ. ಮಾವ ಉಸಿರು ತುಂಬಿಕೊಂಡು, ಬಿಟ್ಟ ಜಾಗದಿಂದಲೇ ಇನ್ನೂ ಜೋರಾಗಿ ಎತ್ತಿದರು. ಜನ ಎದ್ದು ನಿಂತು ‘ಒನ್ಸ್ ಮೋರ್’ ಅಂದರು. ಮಾವ ಇನ್ನೊಂದು ಸಲ ಪೂರ್ತಿ ಹಾಡಿದರು.

ಮಾರನೇ ದಿನ ಕೇಳಿದೆ, ‘ಉಸಿರು ನಿಂತೋಯ್ತಲ್ಲ ಮಾವ, ಭಯ ಆಗ್ಲಿಲ್ವಾ?’

‘ಮೇಷ್ಟ್ರು ಹಿಡ್ಕಂಡಿದ್ರಲ್ಲವ್ವ, ಇನ್ಯಾಕೆ ಭಯ’ ಅಂದರು.

ಈ ಮಾತು ನನಗೆ ಸಿನಿಮಾ ನೋಡುವಾಗಲೂ ನೆನಪಿಗೆ ಬರುತ್ತದೆ. ನಮ್ಮ ಸಿನಿಮಾ ಹುಟ್ಟಿದ್ದೇ ಇಂಥ ವೇದಿಕೆಯಿಂದ. 1934ರಲ್ಲಿ ಬಂದ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು, ರಾವಣನ ಪಾತ್ರ ಮಾಡಿದ ಆರ್. ನಾಗೇಂದ್ರರಾವ್, ಇಬ್ಬರೂ ನಾಟಕದವರು. ಆ ಕಾಲದಲ್ಲಿ ನಟನೇ ಹಾಡಬೇಕಿತ್ತು, ಕ್ಯಾಮೆರಾ ಓಡುತ್ತಿರುವಾಗಲೇ. ಆಮೇಲೆ ಹಿನ್ನೆಲೆ ಗಾಯನ ಬಂತು. ಅದನ್ನು ನಾನು ದೂರುವುದಿಲ್ಲ. ಪಿ.ಬಿ. ಶ್ರೀನಿವಾಸ್ ದನಿ ಇಲ್ಲದ ಕನ್ನಡ ಸಿನಿಮಾ ಯಾರಿಗೆ ಬೇಕು ಹೇಳಿ.

ಆದರೂ ಅಣ್ಣಾವ್ರು ತಮ್ಮ ದನಿಯಲ್ಲೇ ಹಾಡಲು ಶುರು ಮಾಡಿದ ಮೇಲೆ ಬೇರೆ ಏನೋ ಆಯಿತು. ಗುಬ್ಬಿ ಕಂಪನಿಯಲ್ಲಿ ಬೆಳೆದ ಮುತ್ತುರಾಜು ಅವರು. ಅಲ್ಲೊಂದು ಇಲ್ಲೊಂದು ಮೊದಲೂ ಹಾಡಿದ್ದರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಹಾಡಿದ್ದೇ ಜನ ಮುಗಿಬಿದ್ದರು. ಆ ಸಿನಿಮಾದ ಕಥೆಯೂ ನಾಟಕದ್ದೇ, ಧುತ್ತರಗಿಯವರದ್ದು. ಆಮೇಲೆ ಅವರ ಹಾಡು ನಿಲ್ಲಲಿಲ್ಲ. ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯೇ ಬಂತು.

ನನ್ನ ಪಾಲಿಗೆ ಕನ್ನಡದ ಅತಿ ದೊಡ್ಡ ಹಾಡಿನ ದೃಶ್ಯ ಅಂದರೆ 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಮಗ ಯುದ್ಧಕ್ಕೆ ಮೊದಲು ಎದುರು ಬದುರು ನಿಲ್ಲುವುದು. ಎರಡೂ ರಾಜ್‌ಕುಮಾರ್. ಒಬ್ಬರಿಗೆ ಅವರದ್ದೇ ದನಿ, ಇನ್ನೊಬ್ಬರಿಗೆ ಪಿ.ಬಿ.ಎಸ್. ಅದು ಹಾಡಲ್ಲ, ಜಗಳ. ಒಬ್ಬ ಒಂದು ಮಾತು ಎಸೆಯುತ್ತಾನೆ, ಇನ್ನೊಬ್ಬ ಅದನ್ನೇ ಹಿಡಿದು ವಾಪಸ್ ಎಸೆಯುತ್ತಾನೆ. ರಾಗ ಏರುತ್ತಾ ಸಿಟ್ಟೂ ಏರುತ್ತದೆ. ಆ ಹಾಡು ಕಿತ್ತು ಹಾಕಿದರೆ ಆಮೇಲಿನ ಬಾಣಗಳಿಗೆ ಅರ್ಥವೇ ಇಲ್ಲ. ಟೀವಿಯಲ್ಲಿ ಬಂದಾಗ ಮಾವ ಊಟದ ತಟ್ಟೆ ಕೆಳಗಿಟ್ಟು ನೋಡುತ್ತಿದ್ದರು. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಕೂಡ ನಾಟಕ ಕಂಪನಿಗಳಿಂದ ಬಂದವರು. ಆ ದೃಶ್ಯಕ್ಕೆ ಎಷ್ಟು ಹೊತ್ತು ಕೊಡಬೇಕು ಅಂತ ಅವರಿಗೆ ಗೊತ್ತಿತ್ತು.

ಹೊರಗಿನವರಲ್ಲಿ ನನಗೆ ಹೀಗೇ ತಟ್ಟಿದ್ದು ‘ಲೇ ಮಿಸರಾಬ್ಲ್’, 2012ರ ಸಿನಿಮಾ. ಲಂಡನ್ನಿನಲ್ಲಿ 1985ರಿಂದ ಆಡುತ್ತಿರುವ ಸಂಗೀತ ನಾಟಕ ಅದು. ಸಿನಿಮಾ ಮಾಡುವಾಗ ಹಾಡನ್ನು ಮೊದಲೇ ರೆಕಾರ್ಡ್ ಮಾಡಿ ತುಟಿ ಆಡಿಸುವುದು ಬೇಡ ಅಂತ ತೀರ್ಮಾನ ಮಾಡಿದರು. ನಟರ ಕಿವಿಯಲ್ಲಿ ಒಂದು ಪುಟ್ಟ ಇಯರ್‌ಪೀಸ್, ಅದರಲ್ಲಿ ಪಿಯಾನೊ. ಪಿಯಾನೊ ನುಡಿಸುವವರು ನಟರನ್ನು ನೋಡಿಕೊಂಡು ಅವರ ಗತಿಗೆ ತಕ್ಕ ಹಾಗೆ ನುಡಿಸುತ್ತಾರೆ. ವಾದ್ಯಮೇಳವನ್ನೆಲ್ಲ ಆಮೇಲೆ ಸೇರಿಸಿದರು. ಇದನ್ನು ಓದಿದಾಗ ನನಗೆ ನಮ್ಮ ಹಾರ್ಮೋನಿಯಂ ಮೇಷ್ಟ್ರ ಬೆರಳು ಕಣ್ಣ ಮುಂದೆ ಬಂತು. ಆ್ಯನ್ ಹ್ಯಾಥವೇ ಕೂದಲು ಕತ್ತರಿಸಿಕೊಂಡ ತಲೆಯಲ್ಲಿ, ಕ್ಯಾಮೆರಾ ಮುಖಕ್ಕೇ ಅಂಟಿಕೊಂಡಿರುವಾಗ ಹಾಡುತ್ತಾಳಲ್ಲ, ಅಲ್ಲಿ ದನಿ ಬಿರುಕು ಬಿಡುತ್ತದೆ, ಪದ ಅಳುವಿನಲ್ಲಿ ಮುಳುಗುತ್ತದೆ. ಸ್ಟುಡಿಯೋದಲ್ಲಿ ಹಾಡಿದ್ದರೆ ಅದನ್ನೆಲ್ಲ ಒರೆಸಿ ನುಣುಪು ಮಾಡುತ್ತಿದ್ದರು. ಆ ಪಾತ್ರಕ್ಕೆ ಅವಳಿಗೆ ಆಸ್ಕರ್ ಬಂತು. ರಸೆಲ್ ಕ್ರೋ ಹಾಡಿದ್ದು ಮಾತ್ರ ನನಗೆ ಹಿಡಿಸಲಿಲ್ಲ, ದನಿ ಗಂಟಲಲ್ಲೇ ಸಿಕ್ಕಿಕೊಂಡ ಹಾಗಿತ್ತು. ಆದರೂ ಅವನೇ ಹಾಡಿದ, ಅದಕ್ಕೆ ಗೌರವ ಇದೆ.

ನಟನೇ ಹಾಡಬೇಕು ಅನ್ನೋದೊಂದೇ ನನ್ನ ಹಟ ಅಲ್ಲ. ಹಾಡಿನಲ್ಲಿ ಕಥೆ ಮುಂದೆ ಹೋಗಬೇಕು. ‘ಪ್ರೇಮಲೋಕ’ ನೋಡಿ. 1987ರ ಸಿನಿಮಾ, ಹಾಡುಗಳೆಲ್ಲ ಬೇರೆಯವರ ದನಿ. ಆದರೂ ಅದು ನನಗೆ ಪೂರ್ತಿ ಸಂಗೀತ ನಾಟಕದ ಹಾಗೆ ಕಾಣುತ್ತದೆ. ಹುಡುಗ ಹುಡುಗಿ ಕಿಚಾಯಿಸೋದು, ಮುನಿಸು, ಒಪ್ಪಿಗೆ ಎಲ್ಲ ಹಾಡಿನಲ್ಲೇ. ಮಾತಿನ ನಡುವೆ ಹಾಡು, ಹಾಡಿನ ನಡುವೆ ಮಾತು. ಹಂಸಲೇಖ ಬರೆದ ಸಾಲುಗಳು ಕಾಲೇಜು ಹುಡುಗರು ಬಸ್ ಸ್ಟಾಪಿನಲ್ಲಿ ಆಡುವ ಮಾತಿನ ಹಾಗೇ ಇವೆ, ತಾಳಕ್ಕೆ ಕೂತಿವೆ ಅಷ್ಟೆ. ಅದರಲ್ಲಿ ‘ಗ್ರೀಸ್ 2’ ಅನ್ನೋ ಇಂಗ್ಲಿಷ್ ಸಿನಿಮಾದ ಪ್ರಭಾವ ಇದೆ ಅಂತ ಎಲ್ಲರಿಗೂ ಗೊತ್ತು. ಆ ‘ಗ್ರೀಸ್’ ಕೂಡ ಮೊದಲು, 1971ರಲ್ಲಿ, ಶಿಕಾಗೋದಲ್ಲಿ ಆಡಿದ ನಾಟಕ. ಹಂಸಲೇಖ ಅವರಿಗೂ ನಾಟಕದ ನಂಟು ಇತ್ತು. ಎರಡೂ ಕಡೆಯಿಂದ ವೇದಿಕೆಯೇ ಬಂದು ಸೇರಿತು ಅಂತ ನನಗೆ ಅನ್ನಿಸುತ್ತದೆ. ಹಾಡು ಬಂದರೆ ಎದ್ದು ಹೊರಗೆ ಹೋಗುವ ಅಭ್ಯಾಸ ಇರುವವರು ಆ ಸಿನಿಮಾಕ್ಕೆ ಹೋಗಿದ್ದರೆ ಕಥೆಯೇ ಸಿಗುತ್ತಿರಲಿಲ್ಲ, ಅಲ್ವಾ?

ಈಗಿನ ದೊಡ್ಡ ಸಿನಿಮಾಗಳ ಬಗ್ಗೆ ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ‘ಕೆಜಿಎಫ್’ ನನಗೂ ಮೈ ಜುಮ್ ಅನ್ನಿಸಿತು. ‘ಕಾಂತಾರ’ದ ಕೊನೆಯ ಇಪ್ಪತ್ತು ನಿಮಿಷ ನಾನು ಕುರ್ಚಿಯ ತುದಿಯಲ್ಲಿದ್ದೆ. ಆದರೆ ಈಗ ಜಾಸ್ತಿ ಸಿನಿಮಾಗಳಲ್ಲಿ ನಾಯಕ ಸುಮ್ನೆ ನಡೆದು ಹೋಗುತ್ತಾನೆ, ಹಾಡು ಹಿಂದೆ ಎಲ್ಲೋ ಬರುತ್ತದೆ. ಅವನ ಎದೆಯಲ್ಲಿ ಇರುವುದನ್ನು ಬೇರೆ ಯಾರೋ ನಮಗೆ ಹೇಳುತ್ತಾರೆ. ಪಾತ್ರ ಹಾಡಿದರೆ ಸಹಜವಾಗಿರಲ್ಲ ಅಂತ ಒಬ್ಬ ಗೆಳೆಯ ಹೇಳಿದ. ಒಬ್ಬನೇ ಇಪ್ಪತ್ತು ಜನರನ್ನು ಗಾಳಿಗೆ ಹಾರಿಸುವುದನ್ನು ಒಪ್ಪುವ ನಾವು, ಅಳು ಬಂದವನು ಒಂದು ಹಾಡು ಹೇಳಿಕೊಂಡರೆ ಯಾಕೆ ಒಪ್ಪಬಾರದು? ನಮ್ಮಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದರು. ಸತ್ತ ಮನೆಯಲ್ಲೂ ಹಾಡಿಕೊಂಡೇ ಅಳುತ್ತಿದ್ದರು. ನಮ್ಮಲ್ಲಿ ಹಾಡೇ ಸಹಜ.

ಇದಕ್ಕೆ ನಾಟಕದಲ್ಲಾದರೂ ಜಾಗ ಉಳಿದಿದೆ ಅಂದುಕೊಂಡಿದ್ದೆ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ಸೇರಿಸಿ ಅವರು ಮಾಡಿದ್ದನ್ನು ನಾನು ತುಂಬಾ ತಡವಾಗಿ ನೋಡಿದೆ. ಮಠದ ಗಾದಿಗೆ ಕಿತ್ತಾಟ ನಡೆಯುತ್ತಿದ್ದರೆ ಮೇಳದವರು ಹಾಡುತ್ತಾರೆ. ಚಿಕ್ಕಂದಿನಿಂದ ಕೇಳಿದ ಅದೇ ಭಕ್ತಿಯ ಪದ ಅಲ್ಲಿ ಚಾಟಿ ಏಟಿನ ಹಾಗೆ ಬೀಳುತ್ತದೆ. ಅದನ್ನು ಟ್ರ್ಯಾಕ್ ಹಾಕಿ ಆಡಿಸಿದರೆ ಹೇಗಿರುತ್ತದೆ, ನೀವೇ ಯೋಚಿಸಿ.

ಹಾಗಾಗಿ ಶನಿವಾರ ಆ ಮೆಟ್ಟಿಲ ಮೇಲಿನ ಹುಡುಗಿಯನ್ನು ನೋಡಿ ನನಗೆ ನಿಜವಾಗಿಯೂ ಸಂಕಟ ಆಯಿತು. ನಾಟಕ ಮುಗಿದ ಮೇಲೆ ಹೊರಗೆ ಅವಳು ಗೆಳತಿಯರ ಜೊತೆ ಅದೇ ಹಾಡು ಹೇಳುತ್ತಾ ನಿಂತಿದ್ದಳು. ಸ್ವಲ್ಪ ಒರಟು ದನಿ, ಎಷ್ಟು ಚೆನ್ನಾಗಿತ್ತು! ಆ ದನಿಗೆ ನಾನು ಟಿಕೆಟ್ಟಿನ 300 ರೂಪಾಯಿ ಅಲ್ಲ, 600 ಕೊಡಲೂ ತಯಾರಿದ್ದೆ. ಹತ್ತಿರ ಹೋಗಿ ಅದನ್ನೇ ಹೇಳಿ ಬಂದೆ.

ಶಿವರಾತ್ರಿ ಆದ ಮೇಲೆ ನಮ್ಮಮ್ಮನ ಊರಲ್ಲಿ ಮತ್ತೆ ಕುರುಕ್ಷೇತ್ರ ಇದೆ. ಮಾವನಿಗೆ ಈಗ 68. ಭೀಮನನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟು, ಶ್ರುತಿ ಸ್ವಲ್ಪ ಇಳಿಸಿಕೊಂಡು, ಈ ಸಲ ಭೀಷ್ಮನ ಪಾತ್ರ ಮಾಡುತ್ತಿದ್ದಾರೆ. ಹಳೇ ಮೇಷ್ಟ್ರು ತೀರಿಕೊಂಡರು. ಹೊಸಬರು ಕೀಬೋರ್ಡ್ ತರುತ್ತಾರಂತೆ. ತರಲಿ, ಮಾವನ ಉಸಿರಿಗೆ ಕಾದು ನುಡಿಸಿದರೆ ನನಗೆ ಸಾಕು. ರಾತ್ರಿ ಒಂಬತ್ತಕ್ಕೆ ಅಂತ ಹೇಳುತ್ತಾರೆ, ಶುರುವಾಗುವುದು ಹತ್ತೂವರೆಗೆ. ಬರುವವರು ಮೆಸೇಜ್ ಮಾಡಿ, ಮಂಡ್ಯದಿಂದ ಆಟೋಗೆ ಹೇಳಿರುತ್ತೇನೆ. ಊಟ ನಮ್ಮತ್ತೆ ಮನೆಯಲ್ಲಿ. ಚಳಿ ಇರುತ್ತದೆ, ಒಂದು ಶಾಲು ತನ್ನಿ.